ಕಲ್ನಾರು, ಕೆಲಸ ಮತ್ತು ಕೇಳದೆ ಬಿಟ್ಟ ಪ್ರಶ್ನೆ

ಮರಣ ನೋಂದಣಿಗೆ ನಮೂನೆ 2 ಎಂಬ ಒಂದು ಕಾಗದವಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ 21 ದಿನದೊಳಗೆ ತುಂಬಿ ಕೊಡಬೇಕಾದದ್ದು. ಅದರ ಅಂಕಿಅಂಶದ ಭಾಗದಲ್ಲಿ ಸತ್ತವರು ಬೀಡಿ ಸಿಗರೇಟು ಸೇದುತ್ತಿದ್ದರೆ ಎಷ್ಟು ವರ್ಷ, ಹೊಗೆಸೊಪ್ಪು ಜಗಿಯುತ್ತಿದ್ದರೆ ಎಷ್ಟು ವರ್ಷ, ಅಡಿಕೆ ಹಾಕುತ್ತಿದ್ದರೆ ಎಷ್ಟು ವರ್ಷ, ಕುಡಿಯುತ್ತಿದ್ದರೆ ಎಷ್ಟು ವರ್ಷ ಎಂದು ಬೇರೆ ಬೇರೆಯಾಗಿ ಕೇಳಿದ್ದಾರೆ. ಕೆಲಸದ ವಿಷಯಕ್ಕೆ ಮಾತ್ರ ಒಂದೇ ಸಾಲು: ಉದ್ಯೋಗ. ಎಷ್ಟು ವರ್ಷ ಮಾಡಿದರು, ಎಲ್ಲಿ ಮಾಡಿದರು, ಅದಕ್ಕೂ ಮುಂಚೆ ಏನು ಮಾಡುತ್ತಿದ್ದರು ಎಂಬುದಕ್ಕೆ ಜಾಗವಿಲ್ಲ. ಮೂವತ್ತು ವರ್ಷದ ಹಿಂದೆ ಬೆಂಗಳೂರಿನ ಶೆಡ್ಡುಗಳಿಗೆ ಸಿಮೆಂಟ್ ಶೀಟು ಕೊಯ್ದು ಹೊದಿಸುವ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ಹೊಲ ಮಾಡಿಕೊಂಡಿದ್ದವನು ಸತ್ತರೆ ಆ ಸಾಲಿನಲ್ಲಿ 'ವ್ಯವಸಾಯ' ಎಂದು ಬೀಳುತ್ತದೆ. ಬರೆದವರು ಸುಳ್ಳು ಬರೆದಿಲ್ಲ, ಬರೆಸಿದವರೂ ಮುಚ್ಚಿಟ್ಟಿಲ್ಲ. ಆದರೂ ಆ ಸಾವಿಗೂ ಅದರ ಕಾರಣಕ್ಕೂ ಇದ್ದ ಸಂಬಂಧ ಅಲ್ಲಿಗೆ ಕಡಿದುಹೋಯಿತು. ಈ ಉಪನ್ಯಾಸದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟೇ: ಕಲ್ನಾರಿನಿಂದ, ಎಂದರೆ ಆಸ್ಬೆಸ್ಟಾಸಿನಿಂದ, ಬರುವ ಪುಪ್ಪುಸದ ಪೊರೆಯ ಕ್ಯಾನ್ಸರು ನಮ್ಮ ಜಿಲ್ಲೆಗಳಲ್ಲಿ ಇಲ್ಲ ಎಂಬ ಮಾತಿಗೆ ಆಧಾರವಿಲ್ಲ; ಅದನ್ನು ಕಂಡುಹಿಡಿಯುವ ಪ್ರಶ್ನೆಯನ್ನೇ ನಾವು ಕೇಳಿಲ್ಲ, ಕೇಳಲು ದೊಡ್ಡ ಖರ್ಚೂ ಬೇಕಿಲ್ಲ.

ಸೊಕ್ಕೆಯಂಥ ಕಡೆ ಈ ವಿಷಯ ಏಕೆ ಎಂದು ಮೊದಲೇ ಅನಿಸಬಹುದು. ಜಗಳೂರು ತಾಲ್ಲೂಕಿನ ಈ ಹೋಬಳಿ ಮಳೆ ನಂಬಿದ ಸೀಮೆ. ಇಲ್ಲಿಯವರ ಮಾತು ಮೆಕ್ಕೆಜೋಳ, ಈರುಳ್ಳಿ, ಶೇಂಗಾದ ಸುತ್ತ ಇರುತ್ತದೆ, ಕಾರ್ಖಾನೆಯ ಸುತ್ತ ಅಲ್ಲ. ಆದರೆ ಬರ ಬಿದ್ದ ವರ್ಷ ಈ ಸೀಮೆಯ ಜನ ಗುಳೆ ಹೋಗುವುದು ಎಲ್ಲಿಗೆ? ದಾವಣಗೆರೆ, ಹರಿಹರ, ಬೆಂಗಳೂರಿನ ಕಟ್ಟಡಗಳಿಗೆ, ಗೋದಾಮುಗಳಿಗೆ, ಗ್ಯಾರೇಜುಗಳಿಗೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಗಿರಣಿಗಳಿಗೂ ಹೋದರು. ಆ ತಲೆಮಾರಿನಲ್ಲಿ ಲೋಕದ ಯಾವ ಮೂಲೆಯ ಗಿರಣಿಯನ್ನು ನೋಡಿದರೂ ಬಾಯ್ಲರ್ ಮತ್ತು ಹಬೆಯ ಕೊಳವೆಗಳಿಗೆ ಸುತ್ತುತ್ತಿದ್ದದ್ದು ಸಾಮಾನ್ಯವಾಗಿ ಕಲ್ನಾರಿನ ಹಗ್ಗ, ಮೆತ್ತುತ್ತಿದ್ದದ್ದು ಕಲ್ನಾರಿನ ಗಾರೆ. ಲಾರಿ ಬಸ್ಸುಗಳ ಬ್ರೇಕ್ ಲೈನರು, ಕ್ಲಚ್ ಪ್ಲೇಟುಗಳಲ್ಲೂ ಅದೇ ನಾರು. ಗಿರಣಿಗಳು ಮುಚ್ಚಿದವು, ಗ್ಯಾರೇಜಿನ ಹುಡುಗರು ಮುದುಕರಾದರು, ಕೂಲಿಗೆ ಹೋದವರು ಹಿಂದಿರುಗಿದರು. ಈ ಕಾಯಿಲೆಗೆ ಕೈಗಾರಿಕಾ ಊರು ಎಂದರೆ ಕಾರ್ಖಾನೆ ಇರುವ ಊರೊಂದೇ ಅಲ್ಲ, ಕಾರ್ಖಾನೆಗೆ ಆಳು ಕಳಿಸಿ ರೋಗಿಯನ್ನು ವಾಪಸು ಪಡೆಯುವ ಊರೂ ಹೌದು.

ಕಾಯಿಲೆಯ ಸ್ವಭಾವವನ್ನು ತಿಳಿಯದೆ ಅದು ಏಕೆ ಲೆಕ್ಕ ತಪ್ಪಿಸುತ್ತದೆ ಎಂಬುದು ಅರ್ಥವಾಗದು. ಕಲ್ನಾರು ಬಂಡೆಯಲ್ಲಿ ಹುಟ್ಟುವ ಖನಿಜ, ಆದರೆ ಹತ್ತಿಯಂತೆ ಎಳೆ ಎಳೆಯಾಗಿ ಬಿಡಿಸಬಹುದು. ಬೆಂಕಿಗೆ ಜಗ್ಗದು, ಬೆಲೆ ಕಡಿಮೆ. ಅದನ್ನು ಕೊಯ್ದಾಗ, ಉಜ್ಜಿದಾಗ, ಒಡೆದಾಗ ಏಳುವ ಎಳೆಗಳು ತಲೆಗೂದಲಿಗಿಂತ ಹತ್ತಾರು ಪಟ್ಟು ಸಣ್ಣವು. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಕ್ಕದೆ ಪುಪ್ಪುಸದ ತುದಿಯವರೆಗೆ ಇಳಿಯುತ್ತವೆ. ಅಲ್ಲಿನ ಕಾವಲು ಕೋಶಗಳು ಧೂಳಿನ ಕಣವನ್ನು ನುಂಗಿ ಹಾಕುವಂಥವು, ಆದರೆ ತಮಗಿಂತ ಉದ್ದದ ಎಳೆಯನ್ನು ನುಂಗಲಾರದೆ ಸಾಯುತ್ತವೆ. ಉರಿಯೂತ ಆರುವುದೇ ಇಲ್ಲ. ಒಂದಷ್ಟು ಎಳೆಗಳು ಪುಪ್ಪುಸವನ್ನು ದಾಟಿ ಅದನ್ನೂ ಎದೆಗೂಡಿನ ಒಳಗೋಡೆಯನ್ನೂ ಹೊದ್ದ ತೆಳು ಪೊರೆಯನ್ನು ಸೇರುತ್ತವೆ. ಆ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರೇ ಮೀಸೋಥೆಲಿಯೋಮಾ. ಪುಪ್ಪುಸದೊಳಗಿನ ಕ್ಯಾನ್ಸರಿಗೆ ಹೊಗೆಸೊಪ್ಪು ದೊಡ್ಡ ಕಾರಣ, ಕಲ್ನಾರು ಜೊತೆಗೂಡಿದರೆ ಅಪಾಯ ಬಹಳಷ್ಟು ಹೆಚ್ಚುತ್ತದೆ. ಪೊರೆಯ ಕ್ಯಾನ್ಸರಿಗೆ ಮಾತ್ರ ಬೀಡಿ ಸಿಗರೇಟು ಕಾರಣವಲ್ಲ. ಎಳೆ ಒಳಗೆ ಹೋದ ದಿನಕ್ಕೂ ಕಾಯಿಲೆ ತೋರುವ ದಿನಕ್ಕೂ 20ರಿಂದ 50 ವರ್ಷದ ಅಂತರ. ತೋರಿದ ಮೇಲೆ ಬಹುಪಾಲು ರೋಗಿಗಳಿಗೆ ಸಿಗುವುದು ಒಂದು ವರ್ಷದ ಆಸುಪಾಸು. ಹೀಗಾಗಿ ಕಾರಣ ಎಲ್ಲೋ, ಸಾವು ಎಲ್ಲೋ. ಮಧ್ಯದ ನಾಲ್ಕು ದಶಕದಲ್ಲಿ ಮಾಲೀಕ ಬದಲಾಗಿರುತ್ತಾನೆ, ಹಾಜರಿ ಪುಸ್ತಕ ಗೆದ್ದಲು ಹಿಡಿದಿರುತ್ತದೆ, ಜೊತೆಗೆ ಕೆಲಸ ಮಾಡಿದವರು ಎಲ್ಲಿದ್ದಾರೋ ಯಾರೂ ಬಲ್ಲವರಿಲ್ಲ.

ಈ ಕಾಯಿಲೆಯ ಗುಟ್ಟು ಲೋಕಕ್ಕೆ ಗೊತ್ತಾದ ಬಗೆಯೇ ನನ್ನ ವಾದಕ್ಕೆ ಮೊದಲ ಸಾಕ್ಷಿ. ಇಂಗ್ಲೆಂಡಿನ ರೋಚ್‌ಡೇಲಿನ ಕಲ್ನಾರು ನೂಲುವ ಹೆಂಗಸು ನೆಲ್ಲಿ ಕೆರ್ಶಾ 1924ರಲ್ಲಿ ಸತ್ತಾಗ ಅವಳ ಪುಪ್ಪುಸವನ್ನು ಪರೀಕ್ಷಿಸಿದ ವೈದ್ಯ ಕುಕ್ ಅದರಲ್ಲಿ ಖನಿಜದ ಚೂರುಗಳನ್ನು ಕಂಡರು. 1930ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಬ್ರಿಟಿಷ್ ಕಾರ್ಮಿಕರಲ್ಲಿ ಕಲ್ನಾರಿನ ಪುಪ್ಪುಸ ರೋಗವನ್ನು ವ್ಯವಸ್ಥಿತವಾಗಿ ವರದಿ ಮಾಡಿದರು. ಆದರೂ ಪೊರೆಯ ಕ್ಯಾನ್ಸರು ಹೊರಬೀಳಲು 1960 ಬರಬೇಕಾಯಿತು. ಆ ವರ್ಷ ವ್ಯಾಗ್ನರ್, ಸ್ಲೆಗ್ಸ್, ಮರ್ಚಂಡ್ ಎಂಬ ಮೂವರು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಿಂದ 33 ರೋಗಿಗಳ ವರದಿ ಪ್ರಕಟಿಸಿದರು. ಅಷ್ಟು ಅಪರೂಪದ ಗಡ್ಡೆ ಒಂದೇ ಸೀಮೆಯಲ್ಲಿ ಇಷ್ಟು ಜನಕ್ಕೆ ಏಕೆ ಎಂದು ಅವರು ರೋಗಿಗಳ ಬದುಕಿನ ಕಥೆಯನ್ನು ಹಿಂದಕ್ಕೆ ಕೆದಕುತ್ತಾ ಹೋದರು. ಹಲವರು ಗಣಿಯಲ್ಲಿ ಒಂದು ದಿನವೂ ದುಡಿದವರಲ್ಲ. ನೀಲಿ ಕಲ್ನಾರಿನ ಗುಡ್ಡೆಗಳ ಪಕ್ಕದಲ್ಲಿ ಹುಟ್ಟಿ ಬೆಳೆದವರು. 1965ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಂಪ್ಸನ್ ಇದೇ ದಾರಿ ಹಿಡಿದು 83 ರೋಗಿಗಳ ಹಿನ್ನೆಲೆ ಹುಡುಕಿದರು. ಕಾರ್ಖಾನೆಯಲ್ಲಿ ದುಡಿದವರ ಜೊತೆಗೆ ಇನ್ನೆರಡು ಬಗೆಯವರು ಸಿಕ್ಕರು: ಕಲ್ನಾರಿನ ಕೆಲಸಗಾರನೊಂದಿಗೆ ಒಂದೇ ಮನೆಯಲ್ಲಿದ್ದವರು 9 ಮಂದಿ, ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು 11 ಮಂದಿ. ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದ ಹೆಂಡತಿಗೆ ಕ್ಯಾನ್ಸರ್ ಬರಬಹುದು ಎಂಬುದು ಯಾವ ಎಕ್ಸ್-ರೇಯಿಂದಲೂ ಗೊತ್ತಾಗುವಂಥದ್ದಲ್ಲ. ಯಾರೋ ಕೂತು, ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಿದ್ದರು, ಬಟ್ಟೆ ಯಾರು ಒಗೆಯುತ್ತಿದ್ದರು ಎಂದು ಕೇಳಿದ್ದರಿಂದ ಗೊತ್ತಾಯಿತು. ಜಪಾನಿನ ಅಮಾಗಸಾಕಿಯಲ್ಲೂ ಹೀಗೇ. ಅಲ್ಲಿನ ಕುಬೋಟಾ ಕಾರ್ಖಾನೆ 1957ರಿಂದ 1975ರವರೆಗೆ ನೀಲಿ ಕಲ್ನಾರಿನ ಕೊಳವೆ ಮಾಡುತ್ತಿತ್ತು. ಸುತ್ತಲಿನ ನಿವಾಸಿಗಳಿಗೂ ಕಾಯಿಲೆ ಬಂದಿರುವುದು ಬಯಲಿಗೆ ಬಂದದ್ದು 2005ರಲ್ಲಿ. ಆ 30 ವರ್ಷ ಅಲ್ಲಿ ಕಾಯಿಲೆ ಇರಲಿಲ್ಲವೇ? ಇತ್ತು. ಬಿಡಿ ಬಿಡಿ ಸಾವುಗಳಾಗಿ ಇತ್ತು.

ನಮ್ಮ ನಾಡಿಗೆ ಬರೋಣ. ಕರ್ನಾಟಕಕ್ಕೂ ಕಲ್ನಾರಿಗೂ ಇರುವ ನಂಟು ಶೀಟಿನ ಅಂಗಡಿಯಿಂದ ಶುರುವಾದದ್ದಲ್ಲ. ದೇಶದ ಕಲ್ನಾರು ನಿಕ್ಷೇಪದಲ್ಲಿ ರಾಜಸ್ಥಾನದ ಪಾಲು 100ಕ್ಕೆ ಸುಮಾರು 61, ನಂತರದ ದೊಡ್ಡ ಪಾಲು ಸುಮಾರು 37 ನಮ್ಮದು. ಹಾಸನ, ಮಂಡ್ಯ, ಮೈಸೂರು, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಹಳೆಯ ಶಿಲಾಪಟ್ಟಿಗಳಲ್ಲಿ ಅದು ಹರಡಿದೆ. ಅಪಾಯ ಮನಗಂಡ ಕೇಂದ್ರ ಸರ್ಕಾರ 1986ರಿಂದ ಕಲ್ನಾರು ಗಣಿಗೆ ಗುತ್ತಿಗೆ ಕೊಡುವುದನ್ನೂ ನವೀಕರಿಸುವುದನ್ನೂ ನಿಲ್ಲಿಸಿತು. ಆದರೆ ಹೊರದೇಶದಿಂದ ತರಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಹಿಂದಿನ ದಶಕದಲ್ಲಿ ವರ್ಷಕ್ಕೆ 3 ಲಕ್ಷ ಟನ್ನಿಗೂ ಮೇಲ್ಪಟ್ಟು, ಹೆಚ್ಚಾಗಿ ರಷ್ಯಾ, ಕಜಕಸ್ತಾನ, ಬ್ರೆಜಿಲ್‌ಗಳಿಂದ, ಬಿಳಿ ಕಲ್ನಾರು ಬಂದಿಳಿಯುತ್ತಿತ್ತು. ಅದರ ಬಹುಭಾಗ ಸಿಮೆಂಟಿನೊಂದಿಗೆ ಬೆರೆತು ಚಾವಣಿಯ ಶೀಟಾಗುತ್ತದೆ. ನಮ್ಮ ಗುಡ್ಡದಲ್ಲಿ ಅಗೆದರೆ ಅಪಾಯ, ಹಡಗಿನಲ್ಲಿ ಬಂದರೆ ಸರಕು ಎಂಬ ಈ ನೀತಿಗೆ ವೈದ್ಯಶಾಸ್ತ್ರದ ಸಮರ್ಥನೆ ಯಾವುದೂ ನನಗೆ ಕಾಣದು. ನಮಗೆ ಮಾರುತ್ತಿದ್ದ ಕೆನಡಾ 2018ರಲ್ಲಿ ತಾನೇ ನಿಷೇಧಿಸಿತು. ಆಸ್ಬೆಸ್ಟಾಸ್ ಎಂದೇ ಹೆಸರಿದ್ದ ಅಲ್ಲಿನ ಗಣಿ ಪಟ್ಟಣ 2020ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು.

ಕರ್ನಾಟಕದಲ್ಲಿ ಧೂಳಿನ ಕಾಯಿಲೆಯನ್ನು ಎಣಿಸಿದ ಒಂದು ದೊಡ್ಡ ಉದಾಹರಣೆಯಿದೆ. ಅದು ಕಲ್ನಾರಿನದಲ್ಲ, ಸಿಲಿಕಾದ್ದು. ಕೋಲಾರದ ಚಿನ್ನದ ಗಣಿಯದು. 1940ರ ದಶಕದಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರು ಅಲ್ಲಿ 7,500ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದರು. 100ಕ್ಕೆ 40ಕ್ಕೂ ಹೆಚ್ಚು ಮಂದಿಯ ಪುಪ್ಪುಸದಲ್ಲಿ ಸಿಲಿಕೋಸಿಸ್ ಕಂಡಿತು. ಭಾರತದ ವೈದ್ಯಸಾಹಿತ್ಯದಲ್ಲಿ ಸಿಲಿಕೋಸಿಸ್ ಎಂದ ಕೂಡಲೇ ಇಂದಿಗೂ ಮೊದಲು ಬರುವ ಉಲ್ಲೇಖ ಅದೇ. ಕೋಲಾರದ ಬಂಡೆ ದೇಶದ ಉಳಿದ ಬಂಡೆಗಳಿಗಿಂತ ಕ್ರೂರವಾಗಿತ್ತು ಎಂದು ಇದರ ಅರ್ಥವೇ? ಖಂಡಿತ ಅಲ್ಲ. ರಾಜಸ್ಥಾನದ ಮರಳುಗಲ್ಲಿನಲ್ಲಿ, ಮಂದಸೌರಿನ ಸ್ಲೇಟು ಪೆನ್ಸಿಲಿನಲ್ಲಿ ಅದೇ ಸಿಲಿಕಾ ಇತ್ತು. ಅಲ್ಲಿ ಎಣಿಕೆ ಆಮೇಲೆ ನಡೆಯಿತು, ಕಾಯಿಲೆ ಆಮೇಲೆ 'ಕಂಡಿತು'. ಕೋಲಾರದಲ್ಲಿ ಕಾರ್ಮಿಕರು ಒಂದೇ ಕಡೆ ಇದ್ದರು, ಗಣಿ ಕಂಪನಿಗೆ ತನ್ನದೇ ಆಸ್ಪತ್ರೆಯಿತ್ತು, ಒಬ್ಬೊಬ್ಬ ಕಾರ್ಮಿಕ ಎಷ್ಟು ವರ್ಷ ಕೆಳಗಿಳಿದಿದ್ದ ಎಂಬ ಪುಸ್ತಕವಿತ್ತು. ಎದೆಯ ಚಿತ್ರವೂ ದುಡಿಮೆಯ ಪುಸ್ತಕವೂ ಒಂದೇ ಮೇಜಿನ ಮೇಲೆ ಬಂದವು. ಕಲ್ನಾರಿನ ವಿಷಯದಲ್ಲಿ ಇಂದು ಎಕ್ಸ್-ರೇಗಿಂತ ನೂರು ಪಾಲು ಉತ್ತಮವಾದ ಯಂತ್ರಗಳಿವೆ, ಆದರೆ ದುಡಿಮೆಯ ಪುಸ್ತಕವಿಲ್ಲ.

ಈಗ ದಾವಣಗೆರೆ ಜಿಲ್ಲೆಯ ಯಾವುದೋ ಹಳ್ಳಿಯಲ್ಲಿ 60 ದಾಟಿದ ಒಬ್ಬರಿಗೆ ಈ ಕಾಯಿಲೆ ಬಂದಿದೆ ಎಂದುಕೊಳ್ಳಿ. ಅದು ಯಾವ ಯಾವ ಹಂತದಲ್ಲಿ ನಮ್ಮ ಕೈ ತಪ್ಪುತ್ತದೆ ನೋಡೋಣ. ಮೊದಲು ನಡೆದರೆ ಏದುಸಿರು, ಒಂದು ಪಕ್ಕೆಯಲ್ಲಿ ಮೊಂಡು ನೋವು. ದಮ್ಮು ಎಂದುಕೊಂಡು ಕೆಲವು ತಿಂಗಳು ಮಾತ್ರೆ ನುಂಗುತ್ತಾರೆ. ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಚಿತ್ರ ತೆಗೆದರೆ ಎದೆಯ ಒಂದು ಬದಿಯಲ್ಲಿ ನೀರು ತುಂಬಿದೆ. ಭಾರತದಲ್ಲಿ ಎದೆಗೆ ನೀರು ಬಂತೆಂದರೆ ಮೊದಲ ಅನುಮಾನ ಕ್ಷಯ, ಅದು ಸರಿಯಾದ ಅನುಮಾನವೇ. ಸೂಜಿ ಹಾಕಿ ತೆಗೆದ ನೀರು ಹುಲ್ಲಿನ ಬಣ್ಣದ್ದು, ಅದರಲ್ಲಿ ಲಿಂಫೋಸೈಟು ಹೆಚ್ಚು, ಪ್ರೋಟೀನು ಹೆಚ್ಚು. ಕ್ಷಯದ ನೀರೂ ಹೀಗೇ ಇರುತ್ತದೆ, ಪೊರೆಯ ಕ್ಯಾನ್ಸರಿನ ನೀರೂ ಹೀಗೇ ಇರಬಲ್ಲದು. ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಹುಡುಕಿದರೂ ಹಲವು ಸಲ ಸಿಕ್ಕುವುದಿಲ್ಲ. ಆರು ತಿಂಗಳ ಟಿ.ಬಿ. ಗುಳಿಗೆ ಶುರು. ನೀರು ತೆಗೆದ ಮೇಲೆ ಉಸಿರು ಹಗುರಾಗುವುದರಿಂದ ಔಷಧ ಹಿಡಿಯಿತು ಎಂದೇ ಅನಿಸುತ್ತದೆ. ಮತ್ತೆ ನೀರು ತುಂಬುವ ಹೊತ್ತಿಗೆ ರೋಗಿ ಇಳಿದುಹೋಗಿರುತ್ತಾರೆ. ಖಚಿತ ರೋಗನಿರ್ಣಯಕ್ಕೆ ಎದೆಯೊಳಗೆ ದುರ್ಬೀನು ಇಳಿಸಿ ಪೊರೆಯ ತುಣುಕು ತೆಗೆಯಬೇಕು, ಆ ತುಣುಕಿಗೆ ಕ್ಯಾಲ್‌ರೆಟಿನಿನ್‌ನಂಥ ವಿಶೇಷ ಬಣ್ಣಗಳ ಪರೀಕ್ಷೆ ಆಗಬೇಕು. ಅದು ದೊಡ್ಡ ಊರಿನ ಕೆಲಸ. ಅಷ್ಟು ದೂರ ಹೋಗುವ ಮೊದಲೇ ಬಹಳ ಮನೆಗಳು, ವಯಸ್ಸಾಯಿತು, ಇನ್ನು ಸಾಕು ಎಂಬ ನಿರ್ಧಾರಕ್ಕೆ ಬರುತ್ತವೆ. ಈ ನಿರ್ಧಾರವನ್ನು ನಾನು ತಪ್ಪೆನ್ನಲಾರೆ.

ಹೋದರು ಎಂದೇ ಇಟ್ಟುಕೊಳ್ಳೋಣ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕಾಯಿಲೆಯ ಹೆಸರು ಸಿಕ್ಕಿತು ಅನ್ನೋಣ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಶುರುವಾದಾಗ ಮುಂಬಯಿ, ಚೆನ್ನೈಗಳ ಜೊತೆ ಬೆಂಗಳೂರೂ ಇತ್ತು. ಕಿದ್ವಾಯಿಯ ಆ ನೋಂದಣಿ ದೇಶದ ಹಳೆಯ ನೋಂದಣಿಗಳಲ್ಲಿ ಒಂದು, ಹೆಮ್ಮೆಪಡಬೇಕಾದದ್ದು. ಆದರೆ ಜನಸಂಖ್ಯೆ ಆಧಾರಿತ ನೋಂದಣಿ ಎಣಿಸುವುದು ತನ್ನ ಗಡಿಯೊಳಗಿನ ನಿವಾಸಿಗಳನ್ನು. ಜಗಳೂರಿನ ರೋಗಿ ಬೆಂಗಳೂರಿನ ನಿವಾಸಿಯಲ್ಲ, ಹಾಗಾಗಿ ಬೆಂಗಳೂರಿನ ದರದಲ್ಲಿ ಸೇರುವುದಿಲ್ಲ. ಆಸ್ಪತ್ರೆಯ ಪಟ್ಟಿಯಲ್ಲಿ ಇರುತ್ತಾರೆ, ಯಾವ ಊರಿನ ದರದಲ್ಲೂ ಇರುವುದಿಲ್ಲ. ದೇಶದ ಜನಸಂಖ್ಯೆಯಲ್ಲಿ ಇಂಥ ನೋಂದಣಿಯ ವ್ಯಾಪ್ತಿಗೆ ಬರುವವರು ಹತ್ತರಲ್ಲಿ ಒಬ್ಬರ ಆಸುಪಾಸು. ಕೂಲಿಗೆಂದು ಬೆಂಗಳೂರಿಗೆ ಹೋಗಿ ಅಲ್ಲಿನ ಧೂಳು ಕುಡಿದವನು ಕಾಯಿಲೆ ಬರುವ ಹೊತ್ತಿಗೆ ನೋಂದಣಿಯ ಗಡಿಯಿಂದ ಆಚೆ ಬಂದಿರುತ್ತಾನೆ. ಕ್ಷಯವೆಂಬ ಅನುಮಾನ, ದೂರದ ಆಸ್ಪತ್ರೆ, ನೋಂದಣಿಯ ಗಡಿ, ನಮೂನೆ 2ರ ಒಂಟಿ ಸಾಲು: ನಾಲ್ಕರಲ್ಲಿ ಒಂದೊಂದೂ ತನ್ನಷ್ಟಕ್ಕೆ ಸಮಂಜಸವೇ. ನಾಲ್ಕೂ ಸೇರಿದಾಗ ಹೊರಡುವ ಉತ್ತರ ಸೊನ್ನೆ. ಆ ಸೊನ್ನೆಯನ್ನೇ ತೋರಿಸಿ, ನೋಡಿ ಇಲ್ಲಿ ಪ್ರಕರಣಗಳೇ ಇಲ್ಲ, ಇನ್ನೇಕೆ ಗದ್ದಲ ಎನ್ನುತ್ತಾರೆ.

ಸೊನ್ನೆಯನ್ನು ಅನುಮಾನಿಸಲು ಇನ್ನೊಂದು ಕಾರಣವೂ ಇದೆ. ಫಿನ್ಲೆಂಡಿನ ಟೊಸವೈನೆನ್ 2004ರಲ್ಲಿ ಬೇರೆ ಬೇರೆ ದೇಶಗಳ ಕಲ್ನಾರಿನ ಬಳಕೆಯನ್ನೂ ಆಮೇಲಿನ ಸಾವುಗಳನ್ನೂ ಎದುರುಬದುರು ಇಟ್ಟು, ಸ್ಥೂಲವಾಗಿ 170 ಟನ್ ಕಲ್ನಾರಿಗೆ ಪೊರೆಯ ಕ್ಯಾನ್ಸರಿನ ಒಂದು ಸಾವು ಎಂಬ ಅಂದಾಜಿಗೆ ಬಂದರು. ವರ್ಷಕ್ಕೆ 3 ಲಕ್ಷ ಟನ್ ಎಂದರೆ, ಆ ಲೆಕ್ಕದಲ್ಲಿ, ಒಂದೊಂದು ವರ್ಷದ ಬಳಕೆಯೂ ಮುಂದೆಂದೋ 1,700ಕ್ಕೂ ಹೆಚ್ಚು ಸಾವಿಗೆ ಬೀಜ. ಈ ಸಂಖ್ಯೆಯನ್ನು ಭಾರತಕ್ಕೆ ಇದ್ದಂತೆಯೇ ತಂದು ಕೂರಿಸಬಾರದು ಎಂದು ನಾನೇ ಹೇಳಿಬಿಡುತ್ತೇನೆ. ಅದು ಹುಟ್ಟಿದ್ದು ಹೆಚ್ಚು ಮಾರಕವಾದ ನೀಲಿ, ಕಂದು ಕಲ್ನಾರನ್ನೂ ಬಳಸಿದ, ಹಡಗುಕಟ್ಟೆಗಳಲ್ಲಿ ಸಾವಿರಾರು ಜನ ಧೂಳು ನುಂಗಿದ ದೇಶಗಳ ಅನುಭವದಿಂದ. ನಮ್ಮದು ಬಹುಪಾಲು ಬಿಳಿ ಕಲ್ನಾರು, ಸಿಮೆಂಟಿನಲ್ಲಿ ಬಂಧಿತವಾದದ್ದು. ಸರಿ, ಹತ್ತನೆಯ ಒಂದು ಭಾಗಕ್ಕೆ ಇಳಿಸಿ. ಆಗಲೂ ಬರುವುದು ಸೊನ್ನೆಯಲ್ಲ. ಬ್ರಿಟನ್ 1999ರಲ್ಲಿ ಎಲ್ಲ ಬಗೆಯ ಕಲ್ನಾರನ್ನೂ ನಿಷೇಧಿಸಿತು. ಆ ಮೇಲೂ ಅಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಈ ಕ್ಯಾನ್ಸರಿಗೆ ಬಲಿಯಾಗುತ್ತ ಬಂದರು. ಅಲ್ಲಿ ಬಳಕೆ ಏರಿದ್ದು 1960, 70ರ ದಶಕಗಳಲ್ಲಿ. ನಮ್ಮಲ್ಲಿ ಏರಿದ್ದು 2000ದ ನಂತರ. ಇಂದಿನ ಮೌನ ನಾಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬಿಳಿ ಕಲ್ನಾರು ನಿರುಪದ್ರವಿ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಬಾರದು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ನೀಲಿಗಿಂತ ಬಿಳಿಯ ಎಳೆ ಪುಪ್ಪುಸದಲ್ಲಿ ಬೇಗ ಕರಗುತ್ತದೆ, ಪೊರೆಯ ಕ್ಯಾನ್ಸರು ತರುವ ಶಕ್ತಿಯೂ ಅದಕ್ಕೆ ಕಡಿಮೆ, ಇದು ನಿಜ. ಕಡಿಮೆ ಎಂದರೆ ಇಲ್ಲ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ತನ್ನ ಸಂಪುಟದಲ್ಲಿ ಬಿಳಿಯೂ ಸೇರಿ ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಇನ್ನುಳಿದ ಅರ್ಧ, 'ನಿಯಂತ್ರಿತ ಬಳಕೆ'ಯಲ್ಲಿ ಅಪಾಯವಿಲ್ಲ ಎಂಬ ಮಾತು. ಕಾರ್ಖಾನೆಯ ಗೋಡೆಯೊಳಗೆ ನೀರು ಹಾಕಿ, ಮುಚ್ಚಿದ ಯಂತ್ರದಲ್ಲಿ ಬೆರೆಸಿದರೆ ಧೂಳನ್ನು ಬಹಳ ಮಟ್ಟಿಗೆ ತಡೆಯಬಹುದು, ಒಪ್ಪೋಣ. ಶೀಟು ಗೇಟು ದಾಟಿದ ಮೇಲೆ ನಿಯಂತ್ರಣ ಯಾರ ಕೈಯಲ್ಲಿದೆ? ಹಳ್ಳಿಯಲ್ಲಿ ಶೀಟು ಹೊದಿಸುವುದನ್ನು ನೋಡಿ: ಎಂಟಡಿ ಶೀಟು ಒಂದೂವರೆ ಅಡಿ ಹೆಚ್ಚಾಯಿತು, ಕಟಿಂಗ್ ಮಷಿನ್ ಇಟ್ಟರೆ ಅರ್ಧ ನಿಮಿಷದ ಕೆಲಸ; ಬೂದು ಧೂಳು ಹೊಗೆಯಂತೆ ಎದ್ದು ಕೊಯ್ಯುವವನ ರೆಪ್ಪೆಯ ಮೇಲೆ, ಟವೆಲಿನ ಮೇಲೆ, ಕೆಳಗೆ ಶೀಟು ಹಿಡಿದುಕೊಂಡ ಹುಡುಗನ ತಲೆಯ ಮೇಲೆ ಕೂರುತ್ತದೆ. ಆಮೇಲೆ ಜೆ ಹುಕ್ಕಿಗೆ ತೂತು. ಸಂಜೆ ಅದೇ ಟವೆಲಿನಲ್ಲಿ ಮುಖ ಒರೆಸಿಕೊಂಡು ಮನೆಗೆ. ಶೀಟಿನಲ್ಲಿ ಕಲ್ನಾರು 100ಕ್ಕೆ ಹತ್ತರ ಆಸುಪಾಸು ಇರುತ್ತದೆ. ಕಲ್ನಾರಿನ ಸರಕನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಐ.ಎಸ್. 11769 ಎಂಬ ಭಾರತೀಯ ಮಾನಕವೇ ಇದೆ. ಆ ಮಾನಕದ ಹೆಸರು ಶೀಟು ಹೊದಿಸುವ ಮೇಸ್ತ್ರಿಯ ಕಿವಿಗೆ ಬಿದ್ದಿರುವ ಸಂಭವ ಎಷ್ಟು? ನಿಯಂತ್ರಿತ ಬಳಕೆ ಎಂಬುದು ಕಾರ್ಖಾನೆಯ ಬಗ್ಗೆ ನಿಜವಾಗಿ, ಗೋಡೆ ಮೇಲೆ ನಿಂತವನ ಬಗ್ಗೆ ಸುಳ್ಳಾಗುವ ಮಾತು.

ಬಡವನ ಸೂರಿನ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಈ ಬಯಲುಸೀಮೆಯ ಹಳೆಯ ಮಣ್ಣಿನ ಮಾಳಿಗೆ ಬೇಸಿಗೆಗೆ ತಂಪು, ಆದರೆ ಅದಕ್ಕೆ ತೊಲೆ ಜಂತೆ ಬೇಕು, ವರ್ಷ ವರ್ಷ ಮೇಲ್ಮಣ್ಣು ಹಾಕಿಸಬೇಕು. ಆರ್‌ಸಿಸಿಗೆ ಲಕ್ಷಗಟ್ಟಲೆ ಬೇಕು. ಚನ್ನಗಿರಿಯ ಅಡಿಕೆ ಬೇಯಿಸುವ ಶೆಡ್ಡಿಗೆ, ಹೊನ್ನಾಳಿ ನ್ಯಾಮತಿಯ ಭತ್ತದ ಗೋದಾಮಿಗೆ, ಜಗಳೂರಿನ ಕುರಿ ದೊಡ್ಡಿಗೆ ಸಿಮೆಂಟ್ ಶೀಟು ಕೈಗೆಟುಕುವ ಸರಕು. 2011ರ ಜನಗಣತಿಯಲ್ಲಿ ದೇಶದ ಶೇಕಡ ಸುಮಾರು 16 ಮನೆಗಳ ಚಾವಣಿ ತಗಡು, ಲೋಹ ಅಥವಾ ಕಲ್ನಾರಿನ ಶೀಟು ಎಂದು ಬಂತು. ಮೂರನ್ನೂ ಒಂದೇ ಕಲಮಿನಲ್ಲಿ ಸೇರಿಸಿದ್ದರಿಂದ ಕಲ್ನಾರಿನ ಕೆಳಗೆ ಮಲಗುವವರು ಎಷ್ಟು ಜನ ಎಂಬುದು ಗಣತಿಯಿಂದಲೂ ಸಿಕ್ಕದು. ಕೇಳದೆ ಬಿಡುವ ಅಭ್ಯಾಸಕ್ಕೆ ಇದೂ ಒಂದು ನಿದರ್ಶನ. ಹಾಗೆಂದು ಇಂದೇ ಎಲ್ಲರೂ ಶೀಟು ಕಿತ್ತೆಸೆಯಿರಿ ಎಂದರೆ ಅದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ. ಒಡೆಯದ, ಉಜ್ಜದ, ಗಟ್ಟಿಯಾದ ಶೀಟಿನ ಕೆಳಗೆ ವಾಸಿಸುವವರಿಗೆ ಅಪಾಯ ತೀರಾ ಸಣ್ಣದು. ಅಪಾಯವೆಲ್ಲ ಕೊಯ್ಯುವ, ಕೊರೆಯುವ, ಪೊರಕೆಯಿಂದ ಒಣಗುಡಿಸುವ, ಬಿರುಗಾಳಿಗೆ ಹಾರಿ ಒಡೆದದ್ದನ್ನು ಚೂರು ಮಾಡಿ ದನದ ಕೊಟ್ಟಿಗೆಯ ನೆಲಕ್ಕೋ ದಾರಿಯ ಗುಂಡಿಗೋ ತುಂಬುವ ಗಳಿಗೆಯದು. ಇಟಲಿಯ ಕಸಾಲೆ ಮೊನ್‌ಫೆರಾಟೊದಲ್ಲಿ 1907ರಿಂದ 1986ರವರೆಗೆ ಇಂಥದೇ ಶೀಟು ಮಾಡುವ ಕಾರ್ಖಾನೆಯಿತ್ತು. ಬಿಟ್ಟಿ ಸಿಗುತ್ತದೆಂದು ಅಲ್ಲಿನ ಧೂಳನ್ನು ಜನ ಅಂಗಳಕ್ಕೆ, ಅಟ್ಟಕ್ಕೆ ಹಾಸಿಕೊಂಡರು. ಕಾರ್ಖಾನೆ ಮುಚ್ಚಿ ದಶಕಗಳಾದರೂ ಆ ಸಣ್ಣ ಪಟ್ಟಣದಲ್ಲಿ ವರ್ಷ ವರ್ಷ ಹತ್ತಾರು ಜನ, ಕಾರ್ಖಾನೆಯ ಮೆಟ್ಟಿಲು ತುಳಿಯದವರೂ ಸೇರಿ, ಈ ಕಾಯಿಲೆಗೆ ಗುರಿಯಾಗುತ್ತಿದ್ದಾರೆ. ಆದ್ದರಿಂದ ಹೊಸ ಚಾವಣಿಗೆ ಕಲ್ನಾರಿಲ್ಲದ ಶೀಟು, ಇರುವ ಚಾವಣಿಯನ್ನು ಮುಟ್ಟದಿರುವುದು, ತೆಗೆಯಲೇಬೇಕಾದರೆ ನೀರು ಹೊಡೆದು ನೆನೆಸಿ ಇಡಿಯಾಗಿ ಇಳಿಸುವುದು, ಚೂರನ್ನು ಆಳದ ಗುಂಡಿಯಲ್ಲಿ ಹೂಳುವುದು. ಬಡವನ ಸೂರು ಉಳಿದೇ ಇದೆಲ್ಲ ಆಗುತ್ತದೆ. ಬಡವ ಎಂಬ ಹೆಸರನ್ನು ಗುರಾಣಿ ಮಾಡಿಕೊಂಡವರು ಬಡವನಿಗೆ ಇಷ್ಟನ್ನಾದರೂ ಹೇಳಿಕೊಟ್ಟಿದ್ದರೆ ಅವರ ವಾದಕ್ಕೆ ತೂಕ ಬರುತ್ತಿತ್ತು.

ವಾಸಿಯಾಗದ ಕಾಯಿಲೆಯನ್ನು ಎಣಿಸಿ ಏನು ಬಂತು ಎಂಬುದು ವೈದ್ಯರೇ ಕೆಲವೊಮ್ಮೆ ಎತ್ತುವ ಆಕ್ಷೇಪ. ಮೊದಲನೆಯದಾಗಿ, ಹೆಸರು ಗೊತ್ತಾದರೆ ಬೇಡದ ಆರು ತಿಂಗಳ ಗುಳಿಗೆ ತಪ್ಪುತ್ತದೆ, ನೀರು ಮತ್ತೆ ಮತ್ತೆ ತುಂಬದಂತೆ ಪೊರೆಗಳನ್ನು ಅಂಟಿಸುವ ಚಿಕಿತ್ಸೆ ಸಕಾಲಕ್ಕೆ ಸಿಗುತ್ತದೆ, ನೋವಿಗೆ ಸರಿಯಾದ ಔಷಧ ಸಿಗುತ್ತದೆ. ಸಾಯುವವರಿಗೂ ಉಸಿರಾಡಲು ಹಕ್ಕಿದೆ. ಎರಡನೆಯದು ಹಣದ ಮಾತು, ಅದನ್ನು ಹೇಳಲು ಸಂಕೋಚ ಬೇಡ. ಕಾರ್ಮಿಕರಿಗೆ ನಷ್ಟಪರಿಹಾರ ಕೊಡಿಸುವ ಕಾಯ್ದೆಯ ಅನುಸೂಚಿಯಲ್ಲಿ ಕಲ್ನಾರಿನಿಂದ ಬರುವ ಪುಪ್ಪುಸದ ಕ್ಯಾನ್ಸರೂ ಮೀಸೋಥೆಲಿಯೋಮಾವೂ ವೃತ್ತಿಜನ್ಯ ಕಾಯಿಲೆಯೆಂದು ಹೆಸರು ಹಿಡಿದು ಸೇರಿವೆ. ಕೆಲಸದ ಇತಿಹಾಸ ದಾಖಲಾಗದಿದ್ದರೆ ಆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ. ಸಾಧ್ಯವಾಗದ ಮಾತು ಎನ್ನುವವರು ರಾಜಸ್ಥಾನದ ಕಡೆ ನೋಡಲಿ. ಅದು 2019ರಲ್ಲಿ ಸಿಲಿಕೋಸಿಸ್ ಸೇರಿ ಧೂಳಿನ ಕಾಯಿಲೆಗಳಿಗೆ ನೀತಿ ತಂದು, ಕಾಯಿಲೆ ದೃಢಪಟ್ಟ ಕಾರ್ಮಿಕನಿಗೆ 3 ಲಕ್ಷ ರೂಪಾಯಿ, ಸತ್ತರೆ ಮನೆಯವರಿಗೆ 2 ಲಕ್ಷ ಎಂದು ಗೊತ್ತುಮಾಡಿತು. ಸಾವಿರಾರು ಜನ ಮುಂದೆ ಬಂದರು. ನೀತಿ ಬರುವ ಮುಂಚೆ ಅವರ ಪುಪ್ಪುಸ ಚೆನ್ನಾಗಿತ್ತೇ?

ಹಾಗಾದರೆ ಹಳ್ಳಿಯಲ್ಲಿ ಪ್ರಶ್ನೆ ಕೇಳುವವರು ಯಾರು? ಹೊಸ ಇಲಾಖೆ ಬೇಡ. 30 ವರ್ಷ ಮೇಲ್ಪಟ್ಟವರ ಮನೆಗೆ ಆಶಾ ಕಾರ್ಯಕರ್ತೆ ತೆಗೆದುಕೊಂಡು ಹೋಗುವ ಸಿಬ್ಯಾಕ್ ಎಂಬ ಫಾರಂ ಈಗಾಗಲೇ ಇದೆ. ಅದರಲ್ಲಿ ಅಡುಗೆಗೆ ಯಾವ ಉರುವಲು ಎಂದು ಕೇಳುವ ಸಾಲಿನ ಹತ್ತಿರವೇ ವೃತ್ತಿಯ ಹೊಗೆ, ಧೂಳಿನ ಸಾಲೂ ಇದೆ. ಹೊಲದ ಕಸಕಡ್ಡಿ ಸುಡುವುದು, ಇಟ್ಟಿಗೆ ಗೂಡು, ಗಾಜಿನ ಕಾರ್ಖಾನೆ ಎಂದು ಉದಾಹರಣೆ ಕೊಟ್ಟಿದ್ದಾರೆ. ಆ ಸಾಲಿಗೆ ಶೀಟು ಕೊಯ್ಯುವುದು, ಕಲ್ಲು ಒಡೆಯುವುದು, ಬ್ರೇಕ್ ಲೈನರ್ ಉಜ್ಜುವುದು, ಬಾಯ್ಲರ್ ಕೆಲಸ ಎಂದು ಸೇರಿಸಿ, 'ಈಗ' ಎಂಬುದರ ಜೊತೆಗೆ 'ಹಿಂದೆಂದಾದರೂ' ಎಂಬ ಮಾತು ಇಟ್ಟರೆ ಸಾಕು. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸವಿದೆ, ಅವರ ಗೌರವಧನ ಆ ಕೆಲಸಕ್ಕೆ ತಕ್ಕುದಲ್ಲ. ಇದು ನನ್ನ ಸಲಹೆಗೆ ಎದುರಾಗುವ ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರ ಪ್ರಶ್ನೆ ಬಿಡುವುದಲ್ಲ, ಅವರಿಗೆ ಸರಿಯಾಗಿ ಕೊಡುವುದು. ಎದೆಗೆ ನೀರು ಬಂದು ಕ್ಷಯದ ಔಷಧಕ್ಕೆ ಬಗ್ಗದ ರೋಗಿಯ ಚೀಟಿಯ ಮೇಲೆ ವೈದ್ಯರು ಹಳೆಯ ಕೆಲಸವನ್ನು ಒಂದು ಸಾಲು ಬರೆದರೆ, ಮುಂದಿನ ಆಸ್ಪತ್ರೆಯ ವೈದ್ಯರಿಗೆ ಯಾವ ಪರೀಕ್ಷೆ ಮಾಡಬೇಕೆಂಬುದು ಅಲ್ಲೇ ಹೊಳೆಯುತ್ತದೆ. ಬೆಂಗಳೂರಿನಲ್ಲೇ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಒಂದೆರಡು ತಾಲ್ಲೂಕಿನಿಂದ ಇಂಥ ಹೆಸರುಗಳು ಹತ್ತಿಪ್ಪತ್ತು ಬಂದರೂ ಅಧ್ಯಯನಕ್ಕೆ ಅಡಿಪಾಯ ಸಿಗುತ್ತದೆ. ಕೇಪ್ ಪ್ರಾಂತದವರಿಗೆ 33 ಸಾಕಾಗಿತ್ತು.

ಮಾಲೀಕರ ಪಾಲಿನ ಪುಸ್ತಕದ ಮಾತು ಉಳಿದಿದೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ತೀರ್ಪಿತ್ತು, ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಎಂದಿತು. ಕಲ್ನಾರಿನ ಉದ್ಯಮದಲ್ಲಿ ದುಡಿಯುವ ಪ್ರತಿಯೊಬ್ಬರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಕಾಪಾಡಬೇಕೆಂದು, ಕಾಯಿಲೆ ಖಚಿತವಾದವರಿಗೆ 1 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. 2011ರಲ್ಲಿ ನಿಷೇಧದ ಬೇಡಿಕೆ ಬಂದಾಗ ಅದೇ ನ್ಯಾಯಾಲಯ ಒಪ್ಪಲಿಲ್ಲ. 1995ರ ನಿರ್ದೇಶನಗಳನ್ನು ಮಾತ್ರ ಎತ್ತಿಹಿಡಿಯಿತು. ಹಾಗಾಗಿ ಈ ನಾರಿನ ಬಗ್ಗೆ ಕಾರ್ಮಿಕನ ಕೈಯಲ್ಲಿ ಇಂದಿಗೂ ಇರುವ ಗಟ್ಟಿ ಹಕ್ಕು ಆ ದಾಖಲೆಯೇ. ತೀರ್ಪು ಬಂದ ವಾರ 20ರ ವಯಸ್ಸಿನಲ್ಲಿ ಶೀಟಿನ ಕಾರ್ಖಾನೆಗೆ ಸೇರಿದವನಿಗೆ 2035ರಲ್ಲಿ 60 ತುಂಬುತ್ತದೆ. ಅವನ ಪುಸ್ತಕ ಕಡೇಪಕ್ಷ ಅಲ್ಲಿಯವರೆಗೆ ಇರಬೇಕು, ಅವನು ಬಂದು ಕೇಳಿದರೆ ತೋರಿಸಬೇಕು. ಅವನು ಗುತ್ತಿಗೆ ಆಳಾಗಿದ್ದರೆ ಆ ಪುಸ್ತಕವನ್ನು ಯಾರು ಬರೆದಿದ್ದಾರೆ ಎಂಬುದನ್ನು ಕಾರ್ಖಾನೆಗಳ ಇಲಾಖೆ ಈಗಲೇ ಹೋಗಿ ನೋಡಬೇಕಾಗಿದೆ.